ಮಳೆ ನಿಂತ ಮೇಲಿನ ಹಳ್ಳ

ಚಿಕ್ಕಮಗಳೂರು ಜಿಲ್ಲೆಯ ಕಿಗ್ಗದ ಋಷ್ಯಶೃಂಗನಿಗೆ ಮಳೆ ಬಾರದಿದ್ದರೂ ಪೂಜೆ, ಮಳೆ ಅತಿಯಾದರೂ ಪೂಜೆ. ಆದರೆ ನರಸಿಂಹ ಪರ್ವತದ ಸುತ್ತಿನ ಕಾನುಹಳ್ಳಗಳಲ್ಲಿ ಕುಣಿಯುವ ಕಪ್ಪೆಯ ಅಳಿವು ಉಳಿವು ತೀರ್ಮಾನವಾಗುವುದು ಮಳೆಗಾಲ ಮುಗಿದ ಮೇಲೆ.

ಹೆಬ್ಬೆರಳಿನಷ್ಟೂ ಇಲ್ಲದ ಕಪ್ಪೆ ಇದು. ನೀರಿನ ಭೋರ್ಗರೆತದಲ್ಲಿ ಬರೀ ಕೂಗು ಸಾಲದು. ಗಂಡು ಒದ್ದೆ ಬಂಡೆಯ ಮೇಲೆ ಕೂತು ಹಿಂಗಾಲನ್ನು ಹಿಂದಕ್ಕೆ ಚಾಚಿ, ಬೆರಳುಗಳ ನಡುವಿನ ಬಿಳಿಚಿದ ಪೊರೆ ಬಿಚ್ಚಿ ಬೀಸುತ್ತದೆ. ಪಕ್ಕದ ಬಂಡೆಯ ಗಂಡಿಗೆ ಅದು ಎಚ್ಚರಿಕೆ. ಇದೇ ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಪ್ರಭೇದವನ್ನು 1937ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಸಿ.ಆರ್. ನಾರಾಯಣ ರಾವ್. 2014ರಲ್ಲಿ ಎಸ್.ಡಿ. ಬಿಜು ಅವರ ತಂಡ ಇನ್ನೂ 14 ಪ್ರಭೇದಗಳನ್ನು ಸೇರಿಸಿ ಕುಣಿಯುವ ಕಪ್ಪೆಗಳ ಸಂಖ್ಯೆಯನ್ನು 24ಕ್ಕೇರಿಸಿತು. ಎಲ್ಲವೂ ಪಶ್ಚಿಮ ಘಟ್ಟದವೇ. 2023ರ ಜಾಗತಿಕ ಸಮೀಕ್ಷೆಯಂತೆ ಉಭಯವಾಸಿ ಪ್ರಭೇದಗಳಲ್ಲಿ ನೂರಕ್ಕೆ 41 ಅಪಾಯದಲ್ಲಿವೆ. ಭಾರತದ ಮಟ್ಟಿಗೆ ಅತಿ ಹೆಚ್ಚು ಸಂಕಟದಲ್ಲಿರುವುದು ಈ ಕುಣಿಯುವ ಕಪ್ಪೆಗಳ ಕುಲ.

ಯಾಕೆಂದು ತಿಳಿಯಲು ಅದು ಮೊಟ್ಟೆ ಇಡುವ ಜಾಗ ನೋಡಬೇಕು. ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ 2010ರಲ್ಲಿ ದಾಖಲಿಸಿದಂತೆ, ಹೆಣ್ಣು ಹಳ್ಳದ ತಳದಲ್ಲಿ ಹಿಂಗಾಲಿನಿಂದ ಗುಂಡಿ ತೋಡಿ, ಮೊಟ್ಟೆಯಿಟ್ಟು ಜಲ್ಲಿ ಮುಚ್ಚುತ್ತದೆ. ಗೊದಮೊಟ್ಟೆಗಳು ಬೆಳೆಯುವುದೂ ಆ ಜಲ್ಲಿಸಂದಿನಲ್ಲೇ. ಹಳ್ಳದ ರಭಸ ತಗ್ಗುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈ ಕೆಲಸ ನಡೆಯಬೇಕು. ನೀರು ಹೆಚ್ಚಾದರೆ ಮೊಟ್ಟೆ ಕೊಚ್ಚಿಕೊಂಡು ಹೋಗುತ್ತದೆ, ಬೇಗ ಬತ್ತಿದರೆ ಒಣಗುತ್ತದೆ.

ನಾವು ಕೈಹಾಕುತ್ತಿರುವುದು ಸರಿಯಾಗಿ ಅಲ್ಲಿಗೇ. ಗುಡ್ಡ ಕಡಿದು ರಸ್ತೆ ಮಾಡಿದರೆ, ಧರೆ ಕುಸಿದರೆ, ಸಡಿಲಾದ ಮಣ್ಣು ಹಳ್ಳಕ್ಕಿಳಿದು ಜಲ್ಲಿಯ ಸಂದು ಮುಚ್ಚುತ್ತದೆ, ಮೊಟ್ಟೆಗೆ ಉಸಿರಿಲ್ಲ. ಹಳ್ಳದ ಅಂಚಿನ ಮರ ಹೋದರೆ ನೆರಳು ಹೋಗಿ ನೀರು ಬಿಸಿಯಾಗುತ್ತದೆ. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಬಿಟ್ಟು ಬದುಕು ಸಾಗದೆಂಬುದು ನಿಜ. ಆದರೆ ಅದರಲ್ಲಿರುವ ಮೈಲುತುತ್ತದ ತಾಮ್ರ ಗೊದಮೊಟ್ಟೆಗೆ ವಿಷ, ಡ್ರಮ್ಮು ತೊಳೆಯುವುದು ಹಳ್ಳದಲ್ಲಾದರೆ ಇನ್ನೂ ಕೇಡು. ಮೇಲಿಂದ ಹಳ್ಳದ ನೀರೆತ್ತುವ ಮೋಟಾರು, ಪೈಪು. ಮಳೆ ಬೇಗ ಕೈಕೊಟ್ಟ ವರ್ಷ ತೋಟಕ್ಕೂ ಕಪ್ಪೆಗೂ ಒಂದೇ ನೀರು ಬೇಕಾಗುತ್ತದೆ.

ಈ ಕಪ್ಪೆಗೆ ಬೇರೆ ಜಾಗವಿಲ್ಲ. ಕೆರೆ, ಗದ್ದೆಗಳಲ್ಲಿ ಅದು ಬದುಕದು; ಒಂದು ಹಳ್ಳದಿಂದ ಮಾಯವಾದರೆ ಗುಡ್ಡ ದಾಟಿ ಮತ್ತೆ ಬರುವುದು ದೂರದ ಮಾತು. ಕಾಡಿನ ಗಡಿಯಲ್ಲಿ ನಾಮಫಲಕ ನೆಟ್ಟರೆ ಸಾಲದು. ಹಳ್ಳದ ಎರಡೂ ದಡದ ಮರಗಳನ್ನು ಮುಟ್ಟಬಾರದು, ಔಷಧಿ ಕಲಸುವ ಜಾಗ ನೀರಿನಿಂದ ದೂರ ಇರಬೇಕು, ಡಿಸೆಂಬರ್ ಕಳೆಯುವವರೆಗಾದರೂ ಹರಿವನ್ನು ಪೂರ್ತಿ ಕಟ್ಟಬಾರದು.