ಮಳೆನಾಡಿನ ನೆರೆಯಲ್ಲಿ ಬೆಂಕಿಯ ಕಲ್ಲು

ಶೃಂಗೇರಿ ತಾಲ್ಲೂಕಿನ ಬೇಗಾರಿನಲ್ಲಿ ಆಷಾಢದ ಮಳೆಯನ್ನು ಕಂಡವರಿಗೆ ಬೆಂಕಿಯ ನೆನಪಾಗುವುದು ಕಷ್ಟ. ಆದರೆ ಈ ನೀರಿನ ನಾಡಿನ ಎರಡು ಮಗ್ಗುಲಲ್ಲೂ ಅಗ್ನಿಪರ್ವತಗಳ ಕುರುಹುಗಳಿವೆ. ಪೂರ್ವಕ್ಕೆ ಬಾಬಾಬುಡನ್ ಗಿರಿಶ್ರೇಣಿ. ಪಶ್ಚಿಮಕ್ಕೆ, ಆಗುಂಬೆ ಘಾಟಿ ಇಳಿದರೆ, ಮಲ್ಪೆ ಸಮೀಪದ ಸೇಂಟ್ ಮೇರೀಸ್ ದ್ವೀಪಗಳು.

ಭೂಮಿಯ ಒಡಲು ಕರಗಿದ ಕಲ್ಲಿನ ಕಡಲೆಂಬ ಕಲ್ಪನೆ ಸರಿಯಲ್ಲ. ತೊಗಟೆಯ ಕೆಳಗಿನ ಕವಚ ಬಹುತೇಕ ಘನರೂಪದಲ್ಲಿಯೇ ಇದೆ. ಭೂಫಲಕಗಳು ಬೇರ್ಪಟ್ಟು ಒತ್ತಡ ತಗ್ಗಿದಾಗ, ಇಲ್ಲವೇ ಬಿಸಿಶಿಲೆಗೆ ನೀರಿನಂಶ ಸೇರಿದಾಗ ಅದರ ಒಂದು ಪಾಲು ಕರಗಿ ಶಿಲಾಪಾಕವಾಗುತ್ತದೆ. ನೆಲದಾಳದಲ್ಲೇ ನಿಧಾನವಾಗಿ ತಣಿದರೆ ದೊಡ್ಡ ಹರಳುಗಳ ಗ್ರಾನೈಟ್‌ನಂಥ ಶಿಲೆ. ಹೊರಗೆ ಉಕ್ಕಿ ಬೇಗನೆ ತಣಿದರೆ ಬರಿಗಣ್ಣಿಗೆ ಹರಳು ಕಾಣದಷ್ಟು ನುಣುಪಾದ ಬಸಾಲ್ಟ್, ರಯೋಲೈಟ್‌ಗಳಂಥ ಜ್ವಾಲಾಮುಖಿ ಶಿಲೆ.

ತಣಿದ ಬಗೆಯನ್ನು ಕಲ್ಲು ಮರೆಯುವುದಿಲ್ಲ. ಬಾಬಾಬುಡನ್ ಶ್ರೇಣಿಯ ಲಾವಾ ಸುಮಾರು 280-290 ಕೋಟಿ ವರ್ಷಗಳಷ್ಟು ಹಳೆಯದು. ಶಾಖ, ಒತ್ತಡಗಳಿಂದ ರೂಪಾಂತರ ಹೊಂದಿದ್ದರೂ ಅನಿಲದ ಗುಳ್ಳೆಗಳಿದ್ದ ಪೊಟರೆಗಳಲ್ಲಿ ಖನಿಜ ತುಂಬಿಕೊಂಡ ಗುರುತು ಅದರಲ್ಲಿ ಉಳಿದಿದೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿದ ಲಾವಾ ಹೊರಮೈ ಗಟ್ಟಿಯಾಗಿ ದಿಂಬುಗಳನ್ನು ಪೇರಿಸಿಟ್ಟಂತಾಗಿದೆ. ಸೇಂಟ್ ಮೇರೀಸ್‌ನಲ್ಲಿ ದಪ್ಪ ಲಾವಾ ತಣಿಯುತ್ತ ಕುಗ್ಗಿತು. ಒಣಗಿದ ಗದ್ದೆಯ ಕೆಸರಿನಂತೆ ಮೇಲ್ಮೈ ಬಿರಿಯಿತು; ತಣಿವು ಒಳಗಿಳಿದಂತೆ ಬಿರುಕೂ ಇಳಿದು ಬಹುಭುಜ ಕಂಬಗಳು ಮೂಡಿದವು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಶಿಲೆಯಿದು. ಉತ್ತರ ಕರ್ನಾಟಕದ ಕಪ್ಪುನೆಲಕ್ಕೆ ಕಾರಣವಾದ ದಖನ್ ಲಾವಾ ಹರಿದದ್ದು ಅದಕ್ಕೂ ಈಚೆಗೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಮರಡಿಹಳ್ಳಿ ಮತ್ತು ಸೇಂಟ್ ಮೇರೀಸ್ ಎರಡನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದೆ. ಆದರೆ ಗುರುತಿಸುವುದು ಬೇರೆ, ಕಾಯುವುದು ಬೇರೆ. ಪ್ರಾಚೀನ ದೇಗುಲ, ಕೋಟೆಗಳಿಗೆ 1958ರ ಕಾಯ್ದೆಯ ಆಸರೆಯಿದೆ. ಭೂಪರಂಪರೆಯ ತಾಣಗಳಿಗಾಗಿ ಕೇಂದ್ರದ ಗಣಿ ಸಚಿವಾಲಯ ಕರಡು ಮಸೂದೆಯನ್ನು ಪ್ರಕಟಿಸಿದ್ದು 2022ರಲ್ಲಷ್ಟೆ. ಕಾನೂನಿನ ಜೊತೆಗೆ ಜನರ ತಿಳಿವೂ ಬೇಕು. ದ್ವೀಪಕ್ಕೆ ಹೋದ ಮಕ್ಕಳಿಗೆ ಆ ಕಂಬಗಳ ಕಥೆಯನ್ನು ಹೇಳುವವರಿಲ್ಲದಿದ್ದರೆ ಅವು ಬರಿಯ ಫೋಟೊದ ಹಿನ್ನೆಲೆಯಾಗಿ ಉಳಿಯುತ್ತವೆ.

ಕಡಿದ ಕಾಡು ಎಂದಾದರೂ ಚಿಗುರಬಹುದು. ಒಡೆದ ಕಂಬ ಮತ್ತೆ ಮೂಡದು. ಅದನ್ನು ಎರೆದ ಬೆಂಕಿ ಆರಿ ಕೋಟ್ಯಂತರ ವರ್ಷಗಳೇ ಕಳೆದಿವೆ.