ದೀಕ್ಷೆಗೆ ಒಂದು ದಿನ ಸಾಕು, ಧಮ್ಮಕ್ಕೆ?

ಹಿಂದೂವಾಗಿ ಸಾಯುವುದಿಲ್ಲ ಎಂದು ಬಾಬಾಸಾಹೇಬ್ ಅಂಬೇಡ್ಕರ್ ಯೇವಲಾದಲ್ಲಿ ಘೋಷಿಸಿದ್ದು 1935ರ ಅಕ್ಟೋಬರ್ 13ರಂದು. ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ ಬರೋಬ್ಬರಿ 21 ವರ್ಷ. ಅಷ್ಟು ವರ್ಷ ಯಾಕೆ ಬೇಕಾಯ್ತು?

ಅವರು ಓದುತ್ತಿದ್ದರು, ಒರೆಗೆ ಹಚ್ಚಿ ನೋಡುತ್ತಿದ್ದರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ಕೃಷ್ಣಾಜಿ ಅರ್ಜುನ ಕೇಳೂಸ್ಕರ್ ಅವರು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಆ ಹುಡುಗನ ಕೈಗಿಟ್ಟಿದ್ದರು. 1950ರಲ್ಲಿ ಸಿಲೋನಿಗೆ, 1954ರಲ್ಲಿ ಬರ್ಮಾಕ್ಕೆ ಹೋಗಿ ಬೌದ್ಧರ ನಡುವೆ ನಿಂತು ನೋಡಿ ಬಂದರು. ‘ಬುದ್ಧ ಮತ್ತು ಆತನ ಧಮ್ಮ’ ಅಚ್ಚಾಗಿ ಬಂದದ್ದು 1957ರಲ್ಲಿ, ಅವರು ತೀರಿಕೊಂಡ ಮೇಲೆ.

ಕಲಬುರಗಿಯಲ್ಲಿ ನಾವು ಕೆಲವರು ಹದಿನೆಂಟು ವರ್ಷದಿಂದ ಪ್ರತಿ ಭಾನುವಾರ ಒಂದು ತಾಸು ಕೂತು ಆ ಪುಸ್ತಕ ಓದುತ್ತೇವೆ. ದೀಕ್ಷೆ ತಗೋಬೇಕು ಅಂತ ಬರುವ ಹುಡುಗರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಅಣ್ಣ, ರಿಸರ್ವೇಶನ್ ಹೋಗ್ತದೇನು?’ ಇದಕ್ಕೆ ಉತ್ತರ ಸುಲಭ. 1990ರ ತಿದ್ದುಪಡಿಯ ನಂತರ, ಬೌದ್ಧರಾದ ಪರಿಶಿಷ್ಟ ಜಾತಿಯವರಿಗೆ ಆ ಮಾನ್ಯತೆ ಮುಂದುವರಿಯುತ್ತದೆ. ಕಷ್ಟದ ಪ್ರಶ್ನೆ ಬೇರೆ ಇದೆ. ದೀಕ್ಷೆಯ ಮಾರನೇ ದಿನ ಬೆಳಿಗ್ಗೆ ಎದ್ದು ಏನು ಮಾಡ್ತೀರಿ?

ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಎಲ್ಲರ ಬಾಯಲ್ಲಿ ಇರುವುದು ಮೊದಲಿನವು: ಈ ದೇವರನ್ನು ಪೂಜಿಸಲ್ಲ, ಪಿಂಡ ಇಡಲ್ಲ. ಅವನ್ನು ಹೇಳೋಕೆ ಧೈರ್ಯ ಬೇಕು, ನಿಜ. ಆದರೆ 11ರಿಂದ 18ರವರೆಗೆ ಓದಿ ನೋಡಿ. ಅಷ್ಟಾಂಗ ಮಾರ್ಗ, ದಶ ಪಾರಮಿತೆ, ಎಲ್ಲ ಜೀವಿಗಳ ಮೇಲೆ ಕರುಣೆ. ಕದಿಯಬಾರದು, ಸುಳ್ಳು ಹೇಳಬಾರದು, ಕುಡಿಯಬಾರದು. ದೇವರ ಫೋಟೋ ಗೋಡೆಯಿಂದ ಒಂದು ದಿನದಲ್ಲಿ ಇಳಿಸಬಹುದು. ಈ ಎಂಟಕ್ಕೆ ಇಡೀ ಜೀವಮಾನ ಬೇಕು.

ಪಂಚಶೀಲದ ಪ್ರತಿ ಸಾಲಲ್ಲೂ ‘ಸಿಕ್ಖಾಪದ’ ಅನ್ನುವ ಪಾಲಿ ಪದ ಬರುತ್ತದೆ. ಅದನ್ನು ಶಿಕ್ಷಾಪದ ಅಂದರೆ ಕನ್ನಡದ ಕಿವಿಗೆ ದಂಡನೆಯಂತೆ ಕೇಳಿಸುತ್ತದೆ. ಪಾಲಿಯಲ್ಲಿ ಸಿಕ್ಖಾ ಎಂದರೆ ಕಲಿಕೆ, ನಮ್ಮ ‘ಶಿಕ್ಷಣ’ದೊಳಗಿನ ಶಿಕ್ಷೆ. ಸುಳ್ಳಾಡದಿರುವ ಪಾಠವನ್ನು ಕಲಿಯಲು ಒಪ್ಪಿಕೊಳ್ಳುತ್ತೇನೆ, ಇಷ್ಟೇ ಅದರ ಅರ್ಥ. ತಪ್ಪಿದರೆ ಕಾಡುವ ದೇವರಿಲ್ಲ, ಕಾಣಿಕೆ ಹಾಕಿದರೆ ಮಾಫಿಯೂ ಇಲ್ಲ. ನಾಳೆ ಮತ್ತೆ ಅದೇ ಪಾಠಕ್ಕೆ ಕೂರಬೇಕು.

ಆ ಪಾಠಕ್ಕೆ ಬೆಲೆ ತೆರಬೇಕಾಗುತ್ತದೆ. ಕೆಲವು ವರ್ಷಗಳ ಹಿಂದೆ ಬಾಡಿಗೆ ಮನೆ ಹುಡುಕುತ್ತಿದ್ದೆ. ಮನೆ ಹಿಡಿಸಿತು, ಅಡ್ವಾನ್ಸಿನ ಮಾತೂ ಆಯ್ತು. ಕೊನೆಗೆ ಮಾಲೀಕರು ‘ನೀವು ಯಾರ ಪೈಕಿ?’ ಅಂದರು. ‘ಬೌದ್ಧರು’ ಅಂದೆ. ‘ಅದಲ್ರಿ, ಅದಕ್ಕಿಂತ ಮೊದಲು?’ ಅಂದರು. ಒಂದು ಸುಳ್ಳು ಹೇಳಿದ್ದರೆ ಬೀಗದಕೈ ಕೈಗೆ ಬರ್ತಿತ್ತು. ನಿಜ ಹೇಳಿದೆ. ಸಂಜೆ ಫೋನ್ ಬಂತು: ‘ಊರಿಂದ ನಮ್ಮ ಬೀಗರು ಬರೋರಿದ್ದಾರ್ರಿ.’

ಜಾತಿ ಮುಚ್ಚಿಟ್ಟು ಮನೆ ಹಿಡಿಯುವವರನ್ನು ನಾನು ಹಳಿಯುವುದಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಊರೆಲ್ಲ ಅಲೆದವರಿಗೇ ಆ ಕಷ್ಟ ಗೊತ್ತು. ಆದರೆ ನನ್ನ ಮಟ್ಟಿಗೆ ಅಂದು ನಾಲ್ಕನೇ ಶೀಲ ಪುಸ್ತಕ ಬಿಟ್ಟು ಬೀದಿಗೆ ಬಂತು. ಅದಾದ ಮೇಲೆ ಉಳಿದದ್ದು ಸಿಟ್ಟು. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಉಸಿರು ನೋಡುತ್ತ ಕೂರುತ್ತೇನೆ. ಅದರಿಂದ ಸಿಟ್ಟು ಮಾಯವಾಗುತ್ತದೆ ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ. ಸಿಟ್ಟು ಬಂದಿದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಗೊತ್ತಾದಾಗ ಅದನ್ನು ಹೆಂಡತಿ ಮಕ್ಕಳ ಮೇಲೆ ತೀರಿಸಿಕೊಳ್ಳುವುದು ನಿಲ್ಲುತ್ತದೆ. ಯಾರ ಮೇಲೆ, ಯಾವುದರ ಮೇಲೆ ಸಿಟ್ಟಾಗಬೇಕು ಅನ್ನೋದು ನಿಚ್ಚಳವಾಗುತ್ತದೆ.

‘ಧ್ಯಾನ ಮಾಡಿದರೆ ಹೋರಾಟ ತಣ್ಣಗಾಗ್ತದೆ’ ಅನ್ನೋ ಗೆಳೆಯರಿಗೆ ನನ್ನ ಉತ್ತರ ಇದೇ. ಬಾಬಾಸಾಹೇಬರು 1956ರ ಮೇ ತಿಂಗಳ ಬಿಬಿಸಿ ಭಾಷಣದಲ್ಲಿ ಬೌದ್ಧ ಧರ್ಮ ತಮಗೇಕೆ ಇಷ್ಟ ಎಂಬುದಕ್ಕೆ ಮೂರು ಕಾರಣ ಕೊಟ್ಟರು: ಪ್ರಜ್ಞೆ, ಕರುಣೆ, ಸಮತೆ. ಸಮತೆಗೆ ಬೀದಿ ಬೇಕು, ಸಂವಿಧಾನ ಬೇಕು. ಪ್ರಜ್ಞೆಗೆ ಓದು ಬೇಕು. ಕರುಣೆಗೆ ಅಭ್ಯಾಸ ಬೇಕು. ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿಯುವುದು ಬರೀ ಸರ್ಟಿಫಿಕೇಟಿನ ಬೌದ್ಧ.

ದೀಕ್ಷೆ ತಗೊಳ್ಳಿ, ಖಂಡಿತ ತಗೊಳ್ಳಿ. ಜೊತೆಗೆ ನಾಲ್ಕು ಜನ ಸೇರಿ ವಾರಕ್ಕೊಂದು ತಾಸು ಗೊತ್ತು ಮಾಡಿಕೊಳ್ಳಿ. ಹತ್ತು ಪುಟ ಓದಿ, ಒಪ್ಪದಿದ್ದರೆ ಜಗಳಾಡಿ, ಮುಂದಿನ ವಾರ ಮತ್ತೆ ಬನ್ನಿ.