ಅರಸರ ಅತಿಥಿಗಳು, ಕೆಮ್ಮಣ್ಣುಗುಂಡಿಯ ಬಿಡಾರ

ತರೀಕೆರೆಯಿಂದ ಲಿಂಗದಹಳ್ಳಿ ದಾಟಿ, ಕಲ್ಲತ್ತಿಗಿರಿಯ ಜಲಪಾತವನ್ನೂ ಹಿಂದೆ ಬಿಟ್ಟು, ಸುತ್ತಿ ಸುತ್ತಿ ಮೇಲೇರಿದರೆ ಕೆಮ್ಮಣ್ಣುಗುಂಡಿ. ರಜೆ ಬಂತೆಂದರೆ ಕಡೂರು, ಬೀರೂರು, ಅಜ್ಜಂಪುರದ ಕಡೆಯ ಸಂಸಾರಗಳು ಚಿತ್ರಾನ್ನ, ಮೊಸರನ್ನದ ಡಬ್ಬಿಗಳೊಡನೆ ಈ ಗಿರಿಧಾಮದತ್ತ ಹೊರಡುತ್ತವೆ. ಹುಲ್ಲಿನ ಮೇಲೆ ಕುಳಿತು ಉಣ್ಣುವಾಗ, ಇದು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರವಾಗಿತ್ತೆಂಬುದು ಎಷ್ಟು ಮಂದಿಗೆ ನೆನಪಾಗುತ್ತದೆಯೋ!

ನಾಲ್ವಡಿಯವರಿಗೆ ವೈಸ್‌ರಾಯ್ ಕರ್ಜನ್ ರಾಜ್ಯಾಧಿಕಾರ ವಹಿಸಿಕೊಟ್ಟಿದ್ದು 1902ರ ಆಗಸ್ಟ್ 8ರಂದು. ಆಗ ಅವರಿಗೆ ಹದಿನೆಂಟು ವರ್ಷ. ಅತ್ತ ಇಂಗ್ಲೆಂಡಿನಲ್ಲಿ ಏಳನೆಯ ಎಡ್ವರ್ಡ್ ದೊರೆಯ ಕಾಲ (1901–1910). ಸಿರಿವಂತರ ಹಳ್ಳಿಮನೆಗಳಲ್ಲಿ ಶನಿವಾರದಿಂದ ಸೋಮವಾರದವರೆಗೆ ಔತಣ, ಬೇಟೆ, ಇಸ್ಪೀಟು. ಹೆಂಗಸರು ದಿನಕ್ಕೆ ನಾಲ್ಕೈದು ಸಲ ಉಡುಪು ಬದಲಿಸಬೇಕು! ಬೇಟೆಗೆ ಹಗಲು ಹೆಚ್ಚು ಸಿಗಲೆಂದು ಎಡ್ವರ್ಡನ ಸ್ಯಾಂಡ್ರಿಂಗ್‌ಹ್ಯಾಮ್ ಮನೆಯ ಗಡಿಯಾರಗಳು ಅರ್ಧ ಗಂಟೆ ಮುಂದಿರುತ್ತಿದ್ದವು. ಬಂದ ಅತಿಥಿಗಳನ್ನು ತೂಕಕ್ಕೆ ನಿಲ್ಲಿಸುವ ವಾಡಿಕೆಯೂ ಅಲ್ಲಿತ್ತು.

ಈ ವೈಭವದ ಲೆಕ್ಕ ಕಟ್ಟುವವರು ಯಾರು? ವಾರಿಕ್ ಕೌಂಟೆಸ್ ಡೇಸಿ ಎಡ್ವರ್ಡನ ಆಪ್ತಳು. 1895ರಲ್ಲಿ ತನ್ನ ಕೋಟೆಯಲ್ಲಿ ಆಕೆ ನಡೆಸಿದ ಅದ್ದೂರಿ ನೃತ್ಯಕೂಟವನ್ನು ಸಮಾಜವಾದಿ ಪತ್ರಿಕೆಯೊಂದು ಕಟುವಾಗಿ ಟೀಕಿಸಿತು. ಸಿಟ್ಟಿನಿಂದ ಸಂಪಾದಕನನ್ನು ಕಾಣಲು ಹೋದವಳು ಯೋಚನೆಗೆ ಬಿದ್ದು ಮರಳಿದಳು. ಮುಂದೆ 1904ರಲ್ಲಿ ಸಮಾಜವಾದಿ ಪಕ್ಷವನ್ನೇ ಸೇರಿದಳು.

ನಮ್ಮ ಮೈಸೂರಿಗೂ ರಾಜಮನೆತನದ ಅತಿಥಿಗಳು ಬಂದರು. ಎಡ್ವರ್ಡನ ಮಗ, ಮುಂದೆ ಐದನೆಯ ಜಾರ್ಜ್ ಆದ ಯುವರಾಜ, ಪತ್ನಿಯೊಡನೆ 1906ರಲ್ಲಿ ಬಂದ. ಆತನಿಗಾಗಿ ಕಾಕನಕೋಟೆಯಲ್ಲಿ ಖೆಡ್ಡಾ ಏರ್ಪಾಡಾಯಿತು. ಮೊಮ್ಮಗ ಬಂದದ್ದು 1922ರಲ್ಲಿ. ವೈಸ್‌ರಾಯರ ವಾಸ್ತವ್ಯಕ್ಕೆಂದೇ ಲಲಿತಮಹಲ್ ಎದ್ದಿತು. ಅತಿಥಿಗಳು ಅಟ್ಟಣೆಯ ಮೇಲಿಂದ ಖೆಡ್ಡಾ ನೋಡಿ ಚಪ್ಪಾಳೆ ತಟ್ಟಿದರು. ಆದರೆ ಆನೆಯ ಜಾಡು ಹಿಡಿದು, ಹಿಂಡನ್ನು ಅಟ್ಟಿ ತಂದು, ಜೀವ ಒತ್ತೆಯಿಟ್ಟವರು ಜೇನುಕುರುಬರು, ಬೆಟ್ಟಕುರುಬರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ನೆಲದ ಬಹುಭಾಗ ಈಗ ಕಬಿನಿ ಜಲಾಶಯದಡಿ ಇದೆ.

ಕೆಮ್ಮಣ್ಣುಗುಂಡಿಯ ಕಥೆ ಬೇರೆ. ಅರಸರ ಈ ಬಿಡಾರ ಸರ್ಕಾರಕ್ಕೆ ಸೇರಿ, ತೋಟಗಾರಿಕೆ ಇಲಾಖೆಯ ಆರೈಕೆಯಲ್ಲಿ ಎಲ್ಲರ ತೋಟವಾಯಿತು. ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರಿನಲ್ಲಿ ಮಾತ್ರ ದೊರೆ ಉಳಿದಿದ್ದಾರೆ. ಇಲ್ಲಿನ ಕೆಂಪು ಮಣ್ಣೂ ಸುಮ್ಮನೆ ಕೂರಲಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಈ ಬೆಟ್ಟದಿಂದಲೇ. ಅರಸರು ದಣಿವಾರಿಸಿಕೊಂಡ ಬೆಟ್ಟದಲ್ಲೇ ಕೂಲಿಗಳು ಬೆವರು ಹರಿಸಿ ಅದಿರು ಅಗೆದರು.

ಈಗ ಇಲ್ಲಿಗೆ ಬರಲು ಆಮಂತ್ರಣ ಬೇಕಿಲ್ಲ, ತೂಕಕ್ಕೆ ನಿಲ್ಲಿಸುವವರಿಲ್ಲ. ಅತಿಥಿಗಳೆಂದರೆ ನಾವೇ. ಹಾಗಿದ್ದೂ ಹಳೆಯ ಪ್ರಶ್ನೆ ತೀರಿಲ್ಲ. ಉಂಡು ಎಸೆದ ತಟ್ಟೆ, ನೀರಿನ ಬಾಟಲಿಗಳ ಲೆಕ್ಕ ಕಟ್ಟುವುದು ಈ ಬೆಟ್ಟವೇ. ಅರಸರ ಮನೆಯ ಅತಿಥಿಯಾದ ಮೇಲೆ ಅದಕ್ಕೆ ತಕ್ಕ ನಡತೆಯೂ ಬೇಡವೇ? ಡಬ್ಬಿಯ ಜೊತೆಗೆ ಕಸವನ್ನೂ ಕೆಳಗಿಳಿಸಿಕೊಂಡು ಬಂದರಾಯಿತು.